ಒಂದು ನೂಲು ಹೆಚ್ಚಾದ ಮಿಲ್ಟ್ರಿ ಟ್ರಕ್ಕು

ಯುಗಾದಿ ಇನ್ನೂ ಬಂದಿರಲಿಲ್ಲ, ಬಿಸಿಲು ಮಾತ್ರ ಮೊದಲೇ ಬಂದು ಕೂತಿತ್ತು. ಬೆಳಿಗ್ಗೆ ಎಂಟಕ್ಕೆ ಬೆಟಗೇರಿಯ ಮನೆ ಬಿಟ್ಟಾಗ ನನ್ನ ಕೈಚೀಲದಲ್ಲಿ ಆಧಾರ್ ಕಾರ್ಡು, ನೀರಿನ ಬಾಟ್ಲಿ ಮತ್ತು ಒಂದು ರೊಟ್ಟಿ ಡಬ್ಬಿ ಇದ್ದವು. ಡಬ್ಬಿಯಲ್ಲಿ ರೊಟ್ಟಿ ಇರಲಿಲ್ಲ. ಅರಳೆಯಲ್ಲಿ ಸುತ್ತಿ, ಬಾಣಂತಿ ಕೂಸನ್ನು ಮಲಗಿಸಿದ ಹಾಗೆ ಮಲಗಿಸಿದ್ದ ಒಂದು ಆಟಿಕೆ ರೈಲಿನ ವ್ಯಾಗನ್ ಇತ್ತು. ಗೋಡೆಯಿಲ್ಲ, ಸೂರಿಲ್ಲ, ಬರೇ ಗೇಣುದ್ದದ ಹಲಗೆ, ಕೆಳಗೆ ಗಾಲಿ. ಅದನ್ನು ಹೊತ್ತುಕೊಂಡು ನಾಲ್ಕು ಊರು ತಿರುಗಿದ ಹೆಂಗಸು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ನಮ್ಮವರು ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಕೆಲಸ ಮಾಡಿ ನಿವೃತ್ತರಾದವರು. ಅತ್ತೆಯ ಕೈಮಗ್ಗ ಇದ್ದ ಪಡಸಾಲೆಯಲ್ಲಿ ಈಗ ಅವರ ಗದಗ ಸ್ಟೇಷನ್ ಇದೆ. ದೊಡ್ಡ ಹಲಗೆಯ ಮೇಲೆ ಹಳಿ, ಪ್ಲಾಟ್‌ಫಾರ್ಮು, ಸಿಗ್ನಲ್ ಕಂಬ, ಒಂದು ಸುರಂಗ. ಗದಗಿನಲ್ಲಿ ಸುರಂಗ ಎಲ್ಲಿಂದ ಬಂತು ಎಂದು ಕೇಳಿದರೆ, ‘ರೈಲು ಅಂದ ಮ್ಯಾಲೆ ಸುರಂಗ ಇರಬೇಕು’ ಅನ್ನುತ್ತಾರೆ. ನಾನು ಮತ್ತು ಓಣಿಯ ಮೂವರು ಹೆಣ್ಣುಮಕ್ಕಳು ಸೇರಿ ಖಡಕ್ ರೊಟ್ಟಿ ಮಾಡಿ ಮಾರಬೇಕೆಂದು ಹಂಚು, ಗ್ಯಾಸಿನ ಒಲೆ ಎಲ್ಲ ತಂದಿಟ್ಟು ತಿಂಗಳುಗಳಾದವು. ಜಾಗ ಮಾತ್ರ ಇಲ್ಲ. ಕೊನೆಗೆ ಒಂದು ದಿನ ನಾನು ರೇಗಿದ ಮೇಲೆ ಅವರು ಮಾತು ಕೊಟ್ಟರು.

“ಮಿಲ್ಟ್ರಿ ಟ್ರಕ್ ಹೇರಿದ ಗಾಡಿ ಒಂದು ಸಲ ಓಡಿಸಿಬಿಟ್ರ ನನ್ನ ಆಸೆ ಮುಗೀತು. ಆಮ್ಯಾಲೆ ಎಲ್ಲಾ ಬಿಚ್ಚಿ ಅಟ್ಟಕ್ಕ ಹಾಕ್ತೀನಿ. ಪಡಸಾಲಿ ನಿಂದು.”

ನೌಕರಿಯಲ್ಲಿದ್ದಾಗ ಅಂಥ ಗಾಡಿಗಳು ಗದಗಿನಲ್ಲಿ ನಿಂತದ್ದನ್ನು ಅವರು ನೋಡಿದ್ದರಂತೆ. ವ್ಯಾಗನ್ ಮೇಲೆ ಟ್ರಕ್ಕು, ಟ್ರಕ್ಕಿನೊಳಗೆ ಡ್ರೈವರು, ಅವನ ಕೈಯಲ್ಲಿ ಚಹಾ. ಆ ಟ್ರಕ್ಕಿಗಾಗಿ ಫೋನಿನಲ್ಲಿ ಎರಡು ಸಲ ಆರ್ಡರು ಮಾಡಿದರು. ಮೊದಲು ಬಂದದ್ದು ಬೆಕ್ಕಿನಷ್ಟು ದೊಡ್ಡದು, ಆಮೇಲೆ ಬಂದದ್ದು ಅವರೆಕಾಳಿನಷ್ಟು. ಅಷ್ಟರಲ್ಲಿ ಅವರ ಕಣ್ಣಿನ ಪೊರೆ ತೆಗೆಸಿದ್ದಾಯಿತು, ಧೂಳಿನಲ್ಲಿ ತಿರುಗಬಾರದು ಎಂದು ಡಾಕ್ಟರು ಹೇಳಿದರು. ಇವರು ಗುಣವಾಗುವ ತನಕ ಕಾಯ್ದರೆ ನನ್ನ ಹಂಚಿಗೆ ಜಂಗು ಹಿಡಿಯುತ್ತದೆ ಎಂದು ನಾನೇ ಹೊರಟೆ.

“ಖರೆ ಟ್ರಕ್ಕಿಗಿಂತ ಎಂಬತ್ತೇಳು ಪಟ್ಟು ಸಣ್ಣದಿರಬೇಕು. ಈ ವ್ಯಾಗನ್ ಮ್ಯಾಲೆ ಇಟ್ಟು ನೋಡು. ಅಂಚಿನಿಂದ ಒಂದು ನೂಲು ಸೈತ ಹೊರಗ ಬರಬಾರದು,” ಎಂದು ಕಪ್ಪು ಕನ್ನಡಕದೊಳಗಿಂದಲೇ ಹುಕುಂ ಮಾಡಿದರು.

“ಬಂದ್ರ ಏನಾಗತೈತ್ರಿ?”

“ಪ್ಲಾಟ್‌ಫಾರ್ಮಿಗೆ ತಾಗತೈತಿ.”

ಗದಗಿನ ಪೇಟೆಯಲ್ಲಿ ಆಟಿಕೆ ಅಂಗಡಿಯವನು ಆಗಷ್ಟೇ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚುತ್ತಿದ್ದ. ಮಿಲ್ಟ್ರಿ ಗಾಡಿ ಬೇಕು ಅಂದೆ. ಎಮ್ಮೆಕರುವಿನಷ್ಟು ಒಂದು ಟ್ಯಾಂಕು ತಂದಿಟ್ಟು ಗುಂಡಿ ಒತ್ತಿದ. ಅದು ಕೆಂಪು ದೀಪ ಬಿಟ್ಟು ಒದರತೊಡಗಿತು. ನಾನು ಡಬ್ಬಿ ತೆಗೆದು ವ್ಯಾಗನ್ ತೋರಿಸಿದೆ.

“ಅಯ್ಯ ಅಕ್ಕಾರ, ಇಷ್ಟು ಸಣ್ಣದು ಏನ್ ಮಾಡ್ತೀರಿ? ಅದ ರೊಕ್ಕಕ್ಕ ದೊಡ್ಡದು ಬರತೈತಿ, ಒಯ್ರಿ,” ಅಂದ. ದೊಡ್ಡದು ಬೇಡ, ಅಳತೆಯದು ಬೇಕು ಎಂದು ಎಷ್ಟು ಹೇಳಿದರೂ ನಾನು ರೊಕ್ಕ ಉಳಿಸುತ್ತಿದ್ದೇನೆ ಎಂದೇ ಅವನು ತಿಳಿದ. ಕಡೆಗೆ ಬೇಸರದಿಂದ ಮೂಲೆಯ ಬುಟ್ಟಿ ಕೆದಕಿ ಒಂದು ಹಸಿರು ಟ್ರಕ್ಕು ಎಸೆದ. ವ್ಯಾಗನ್ ಮೇಲೆ ಇಟ್ಟೆ. ಎರಡೂ ಬದಿಗೆ ಒಂದೊಂದು ನೂಲು ಹೊರಗೆ! ಹುಕುಂ ನೆನಪಾಗಿ ಟ್ರಕ್ಕು ಹಿಂದಕ್ಕೆ ಕೊಟ್ಟೆ.

ನಮ್ಮ ಕಡೆಯ ಅಂಗಡಿಯವರಲ್ಲಿ ಒಂದು ರೀತಿಯಿದೆ. ಬಂದ ಗಿರಾಕಿಗೆ ಬರೇ ‘ಇಲ್ಲ’ ಎಂದು ಹೇಳಿ ಕಳಿಸುವುದು ಅವರ ಬಾಯಿಗೆ ಬರುವುದಿಲ್ಲ. “ಲಕ್ಷ್ಮೇಶ್ವರದಾಗ ಸಿಗತಾವ ನೋಡ್ರಿ, ಬೇಕಾದಷ್ಟು,” ಅಂದ. ಅವನು ಮರ್ಯಾದೆಗೆ ಹೇಳಿದ, ನಾನು ನಂಬಿ ಬಸ್ ಸ್ಟ್ಯಾಂಡಿಗೆ ನಡೆದೆ.

ಲಕ್ಷ್ಮೇಶ್ವರಕ್ಕೆ ನಲವತ್ತು ಕಿಲೋಮೀಟರು. ಹೆಣ್ಣುಮಕ್ಕಳಿಗೆ ಸೊನ್ನೆ ರೂಪಾಯಿಯ ಟಿಕೀಟು. ಹೀಗಾಗಿ ಜಿಲ್ಲೆಯ ಹೆಣ್ಣುಮಕ್ಕಳೆಲ್ಲ ಆ ಒಂದು ಬಸ್ಸಿನಲ್ಲೇ ಇದ್ದರು. ಮುಳಗುಂದ ದಾಟುವ ತನಕ ಒಂಟಿ ಕಾಲಿನ ಮೇಲೆ ನಿಂತಿದ್ದೆ. ಒಬ್ಬಾಕೆ ತನ್ನ ಮೆಣಸಿನಕಾಯಿ ಚೀಲವನ್ನು ನನ್ನ ಕೈಚೀಲದ ಮೇಲೆ ಇಡಲು ಬಂದಾಗ, “ಬ್ಯಾಡವ್ವ, ಒಳಗ ರೈಲೈತಿ,” ಎಂದು ಕೂಗಿಬಿಟ್ಟೆ. ಸುತ್ತಲಿನವರು ನನ್ನ ಮುಖ ನೋಡಿ ಸ್ವಲ್ಪ ಸರಿದು ನಿಂತರು. ಯಳವತ್ತಿ ಬಂದಾಗ ಸೀಟು ಸಿಕ್ಕಿತು.

ಲಕ್ಷ್ಮೇಶ್ವರದ ಪೇಟೆಯಲ್ಲಿ ಕೇಳುತ್ತ ಹೋಗಿ ಒಂದು ಬಳೆ ಅಂಗಡಿ ಮುಟ್ಟಿದೆ. ಮುಂದೆ ಬಳೆ, ಹಿಂದೆ ಆಟಿಕೆ. ನಡೆಸುವಾಕೆ ಹುಸೇನಬಿ, ನನಗಿಂತ ಹಿರಿಯಳು. ವ್ಯಾಗನ್ ಕೈಗೆ ತೆಗೆದುಕೊಂಡು ಹಿಂದೆಮುಂದೆ ನೋಡಿ, “ಹೌದು ಬಿಡ್ರಿ, ಕೈ ಅಳತಿ ನೋಡಿನ ಬಳಿ ಏರಸಬೇಕು,” ಅಂದಳು. ಆ ದಿನ ಅಳತೆಯ ಮಾತು ಒಂದೇ ಸಲಕ್ಕೆ ತಿಳಿದ ಅಂಗಡಿಯವಳು ಇವಳೊಬ್ಬಳೇ. ಒಂದಾದ ಮೇಲೊಂದು ಪಾಕೀಟು ಒಡೆದು, ಬಳೆ ಏರಿಸಿ ನೋಡಿದ ಹಾಗೆ ಇಟ್ಟು ನೋಡಿದಳು. ಟ್ಯಾಂಕುಗಳೆಲ್ಲ ಗುಲಾಬಿ ಬಣ್ಣದವು. ಬಂದೂಕು ಹಿಡಿದ ಸಿಪಾಯಿಗಳು ಟ್ರಕ್ಕಿಗಿಂತ ಎತ್ತರ.

“ಮೊಮ್ಮಗಗೇನ್ರಿ?” ಎಂದು ಕೇಳಿದಳು.

“ಗಂಡಗ.”

ಹುಸೇನಬಿ ಪಾಕೀಟುಗಳನ್ನು ಬದಿಗೆ ಸರಿಸಿದಳು. ಆಮೇಲೆ ಸ್ಟೂಲು ಎಳೆದು, “ಕುಂಡ್ರಿ, ಚಾ ಕುಡೀರಿ. ನಮ್ಮವರು ಪಾರಿವಾಳ ಸಾಕ್ಯಾರ. ಮಾಳಿಗಿ ಮ್ಯಾಲೆ ಅರಿವಿ ಒಣ ಹಾಕಾಕ ಜಾಗ ಇಲ್ಲ,” ಅಂದಳು.

ಇಬ್ಬರೂ ಗಂಡಂದಿರನ್ನು ಮನಸಾರೆ ಬೈದುಕೊಂಡು ಚಹಾ ಕುಡಿದೆವು. ಇಡೀ ದಿನದಲ್ಲಿ ಹಗುರಾದ ಗಳಿಗೆ ಅದೊಂದೇ. ಆದರೆ ಅವಳೂ ಅಂಗಡಿಯವಳೇ ಅಲ್ಲವೇ, ‘ಇಲ್ಲ’ ಅನ್ನಲಿಲ್ಲ. “ಶಿರಹಟ್ಟ್ಯಾಗ ನಮ್ಮ ಮೈದುನನ ಅಂಗಡಿ ಐತಿ, ಅಲ್ಲಿ ಹೋಗ್ರಿ,” ಅಂದಳು.

ಶಿರಹಟ್ಟಿ ಅಲ್ಲಿಂದ ದೂರವಿಲ್ಲ. ಮೈದುನನ ಅಂಗಡಿಗೆ ಕೀಲಿ ಬಿದ್ದಿತ್ತು. ಪಕ್ಕದ ದರ್ಜಿ ಹೊಲಿಗೆ ನಿಲ್ಲಿಸದೆ, “ಊಟಕ್ಕ ಹೋಗ್ಯಾರ, ಈಗ ಬರ್ತಾರ,” ಅಂದ. ಆ ‘ಈಗ’ ಬರುವಷ್ಟರಲ್ಲಿ ಬಿಸಿಲು ಕಟ್ಟೆಯ ಈ ತುದಿಯಿಂದ ಆ ತುದಿಗೆ ಹೋಗಿತ್ತು. ಎರಡು ಮಿರ್ಚಿ ಭಜಿ ತಿಂದೆ, ಅವು ಹೊಟ್ಟೆಯಲ್ಲಿ ಜಗಳ ತೆಗೆದವು. ಮೈದುನ ಬಂದ, ಹಲ್ಲು ಚುಚ್ಚಿಕೊಳ್ಳುತ್ತ. ಎಲ್ಲ ಕೇಳಿ ಒಂದು ಕೆಂಪು ಟ್ರ್ಯಾಕ್ಟರು ತಂದು ವ್ಯಾಗನ್ ಮೇಲಿಟ್ಟ. ಹಾಳಾದ್ದು, ಅಳತೆಗೆ ಬರೋಬ್ಬರಿ ಕೂತಿತು!

“ಹಸಿರು ಬಣ್ಣ ಹಚ್ರಿ, ಮಿಲ್ಟ್ರಿ ಆತು,” ಅಂದ.

“ಟ್ರ್ಯಾಕ್ಟರ್ ತಗೊಂಡು ಯಾವ ಲಡಾಯಿಗೆ ಹೋಗ್ತಾರ್ರಿ?”

“ಹಂಗಾದ್ರ ಮುಂಡರಗಿಗೆ ಹೋಗ್ರಿ. ಬೇಕರ್‍ಯಾಗ ಕೇಕಿನ ಮ್ಯಾಲೆ ಸಣ್ಣ ಸಣ್ಣ ಮಿಲ್ಟ್ರಿ ಗಾಡಿ ಇಡ್ತಾರ. ನಾನ ಕಣ್ಣಾರೆ ನೋಡೀನಿ.”

ಮೈ ಉರಿಯಿತು. ಮನೆಗೆ ಹೋಗಿಬಿಡೋಣ ಅನ್ನಿಸಿತು. ಆದರೆ ಕೈ ಬೀಸಿಕೊಂಡು ಹೋದರೆ ಆ ಹಲಗೆ ಇನ್ನೊಂದು ವರ್ಷ ಅಲ್ಲೇ ಇರುತ್ತದೆ, ಓಣಿಯ ಹೆಣ್ಣುಮಕ್ಕಳು ಬೇರೆ ದಾರಿ ನೋಡಿಕೊಳ್ಳುತ್ತಾರೆ. ಬೈದುಕೊಳ್ಳುತ್ತಲೇ ಮುಂಡರಗಿ ಬಸ್ಸು ಹತ್ತಿದೆ. ಕಪ್ಪತಗುಡ್ಡದ ಮೇಲೆ ಗಾಳಿಯ ಫ್ಯಾನುಗಳು ಆರಾಮಾಗಿ ತಿರುಗುತ್ತಿದ್ದವು. ಬಸ್ಸಿನೊಳಗೆ ಮಾತ್ರ ಗಾಳಿಯ ಸುಳಿವಿಲ್ಲ.

ಮುಂಡರಗಿಯ ಬೇಕರಿಯವನು ನನ್ನ ಮಾತು ಮುಗಿಯುವ ಮೊದಲೇ ಹಣೆ ಬಡಿದುಕೊಂಡ. “ಇದ್ವು ರೀ ಅವ್ವಾರ! ಟ್ರಕ್ಕು, ಟ್ಯಾಂಕು ಎಲ್ಲಾ ಇದ್ವು. ಈಗಷ್ಟ ಕೇಕಿನ ಮ್ಯಾಲೆ ಕುಂತು ಹೋದ್ವು ನೋಡ್ರಿ.” ಹಿಂದಿನ ಓಣಿಯ ಮೈಲಾರಪ್ಪ ಎಂಬ ಸೈನಿಕ ನಿವೃತ್ತನಾಗಿ ಅವತ್ತೇ ಊರಿಗೆ ಬಂದಿದ್ದ. “ಹೋಗಿ ಕೇಳ್ರಿ. ಕೇಕ್ ಕೊಯ್ದ ಮ್ಯಾಲೆ ಪ್ಲಾಸ್ಟಿಕ್ ಯಾರು ತಿಂತಾರ?” ಅಂದ.

ಓಣಿಯಲ್ಲಿ ಡೊಳ್ಳು, ಹೂ ಕಟ್ಟಿದ ತೆರೆದ ಜೀಪು, ಬಾಗಿಲಿಗೆ ಪೆಂಡಾಲು. ಗುರುತು ಪರಿಚಯವಿಲ್ಲದ ಮನೆಗೆ ಕೇಕಿನ ಮೇಲಿನ ಆಟಿಕೆ ಕೇಳಲು ಹೋಗುವುದೆಂದರೆ ನಾಚಿಕೆಯೆನಿಸಿ ಪೆಂಡಾಲಿನ ಹೊರಗೇ ನಿಂತೆ. ಅಷ್ಟರಲ್ಲಿ ಒಬ್ಬಾಕೆ ನನ್ನನ್ನು ಸೈನಿಕನ ಹೆಂಡತಿಯ ಕಡೆಯವಳೆಂದು ತಿಳಿದು, “ಈಗ ಬಂದ್ರೇನ್ರಿ? ಎಷ್ಟು ಹೊತ್ತ ಮಾಡೀರಿ!” ಎಂದು ಗದರಿಸಿ, ಕುಂಕುಮ ಹಚ್ಚಿ, ಎಲೆಯ ಮುಂದೆ ಕೂರಿಸಿಬಿಟ್ಟಳು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ. ಹೊಟ್ಟೆ ತಾಳ ಹಾಕುತ್ತಿತ್ತು, ಸುಮ್ಮನೆ ಉಂಡೆ.

ಕೇಕು ಕೊಯ್ದಾದ ಮೇಲೆ ಧೈರ್ಯ ಮಾಡಿ ಮೈಲಾರಪ್ಪನ ಮುಂದೆ ಡಬ್ಬಿ ಬಿಚ್ಚಿದೆ. ಪಡಸಾಲೆ, ರೊಟ್ಟಿ, ಗಂಡ, ಎಂಬತ್ತೇಳು ಪಟ್ಟು, ಎಲ್ಲ ಒಂದೇ ಉಸಿರಿಗೆ ಒದರಿದೆ. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಅವನು ನಗಲಿಲ್ಲ. ವ್ಯಾಗನ್ ಎತ್ತಿ ಕಣ್ಣ ಮುಂದೆ ಹಿಡಿದ.

“ನಾ ಟ್ರಕ್ ಡ್ರೈವರ್ ಇದ್ನಿ ರೀ. ಇಂಥಾದರ ಮ್ಯಾಲೆ ಟ್ರಕ್ಕಿನ್ಯಾಗ ಕುಂತು ದೇಶ ತಿರುಗೀನಿ. ಒಂದ್ ಸಲ ಗದಗ ಸ್ಟೇಷನ್ನಿನ್ಯಾಗ ಗಾಡಿ ನಿಂತಿತ್ತು. ಇಲ್ಲೇ ಮನಿ. ನಮ್ಮವ್ವಗ ಆರಾಮ ಇರಲಿಲ್ಲ. ಇಳ್ಯಾಕ ಹುಕುಂ ಇಲ್ಲ. ಟ್ರಕ್ಕಿನ್ಯಾಗ ಕುಂತ ನೋಡ್ಕೋತ ಹೋದೆ.”

ಅವನು ಕೇಕಿನಿಂದ ಒಂದು ಟ್ರಕ್ಕು ಕಿತ್ತು, ಕ್ರೀಮು ಒರೆಸಿ, ವ್ಯಾಗನ್ ಮೇಲೆ ತಾನೇ ಇಟ್ಟ. ನಾನು ಬಗ್ಗಿ ನೋಡಿದೆ. ಎರಡೂ ಬದಿಗೆ ಒಂದೊಂದು ನೂಲು ಹೊರಗೆ!

ಏನು ಹೇಳಲಿ? ಸಮವಸ್ತ್ರದ ಮೇಲೆ ಹೂಮಾಲೆ ಹಾಕಿಕೊಂಡು ನಿಂತವನಿಗೆ, ಅಳತೆ ತಪ್ಪಿದೆ, ಬೇಡ ಎನ್ನಲೇ? “ಭಾಳ ಛಲೋ ಆತ್ರಿ,” ಅಂದೆ.

“ಗದಗ ಬಂದಾಗ ಜರಾ ಹೊತ್ತು ನಿಲ್ಲಸ್ರಿ ಅಂತ ಯಜಮಾನರಿಗೆ ಹೇಳ್ರಿ,” ಅಂದ ಮೈಲಾರಪ್ಪ.

ಡಂಬಳದ ಮೇಲೆ ಹಾಯ್ದು ಬರುವ ಸಂಜೆಯ ಬಸ್ಸಿನಲ್ಲಿ ಗದಗಿನ ತನಕ ಆ ನೂಲನ್ನೇ ಶಪಿಸುತ್ತ ಬಂದೆ. ಈಳಿಗೆಯಲ್ಲಿ ಕೆತ್ತಿದರೆ ಹೇಗೆ? ಇವರ ಕಣ್ಣು ಹೇಗೂ ಮಂಜು, ಗೊತ್ತಾಗದೇ ಹೋಗಬಹುದು ಎಂದು ಸಮಾಧಾನ ಮಾಡಿಕೊಂಡೆ.

ಮನೆಗೆ ಬಂದು ಡಬ್ಬಿ ಕೊಟ್ಟೆ. ನಮ್ಮವರು ನೋಡಲೂ ಇಲ್ಲ, ಹೆಬ್ಬೆರಳು ಆಡಿಸಿದರು. “ಒಂದು ನೂಲು ಹೊರಗೈತಲ್ಲ?” ಅಂದರು.

ಅಷ್ಟೇ ಸಾಕಾಯಿತು. ಬೆಳಗಿನಿಂದ ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು. ಬಸ್ಸು, ಬಿಸಿಲು, ಗುಲಾಬಿ ಟ್ಯಾಂಕು, ಶಿರಹಟ್ಟಿಯ ‘ಈಗ’, ಒಂದನ್ನೂ ಬಿಡಲಿಲ್ಲ. ಸಿಟ್ಟಿನಲ್ಲೇ ಮೈಲಾರಪ್ಪನ ಮಾತನ್ನೂ ಹೇಳಿದೆ. ಅವರು ಟ್ರಕ್ಕನ್ನು ವ್ಯಾಗನ್ ಮೇಲೆ ತಿರುಗಿ ಇಟ್ಟು ನೆಟ್ಟಗೆ ಮಾಡಿದರು.

“ಅಳತಿ ಮೀರಿದ ಸಾಮಾನಿಗೆ ರೈಲ್ವೆ ಬ್ಯಾಡ ಅನ್ನೂದಿಲ್ಲ,” ಅಂದರು ಆಮೇಲೆ. “ಗಾಡಿ ಸಾವಕಾಶ ಬಿಟ್ಟು, ಅಡ್ಡ ಬರೂದೆಲ್ಲಾ ತಗದು, ದಾರಿ ಮಾಡಿ ಕೊಡ್ತೈತಿ.”

“ಹಂಗಾದ್ರ ಬೆಳಿಗ್ಗೆ ಗದಗಿನ್ಯಾಗ ಸಿಕ್ಕದ್ದು ಇಷ್ಟ ಇತ್ತಲ್ರಿ! ಅದನ್ನ ತಂದಿದ್ರ ಒಂಬತ್ತಕ್ಕ ಮನ್ಯಾಗ ಇರ್ತಿದ್ನಿ!”

ಅವರು ಸ್ಕ್ರೂಡ್ರೈವರು ಹುಡುಕುತ್ತಿದ್ದರು.

ಗಾಡಿ ಬಿಟ್ಟರು. ಇರುವೆ ನಡೆದಷ್ಟು ಮೆಲ್ಲಗೆ. ಸಿಗ್ನಲ್ ಕಂಬಕ್ಕೆ ತಾಗಿತು. ಗಾಡಿ ನಿಲ್ಲಿಸಿ ಕಂಬ ಕಿತ್ತರು. ಸುರಂಗದ ಬಾಯಿಗೆ ತಾಗಿತು, ಸುರಂಗ ಎತ್ತಿ ನೆಲಕ್ಕಿಟ್ಟರು. ಪ್ಲಾಟ್‌ಫಾರ್ಮಿಗೆ ತಾಗಿತು. ಕಲ್ಲು ಕಲ್ಲು ಬರೆದು ಬಣ್ಣ ಹಚ್ಚಲು ಅವರಿಗೆ ಇಡೀ ಒಂದು ಮಳೆಗಾಲ ಹಿಡಿದಿತ್ತು. ಅದರ ಸ್ಕ್ರೂಗಳನ್ನೂ ಒಂದೊಂದಾಗಿ ಬಿಚ್ಚಿದರು. ನಾನು ಬೇಡಿದ್ದೂ ಇದನ್ನೇ. ಆದರೂ ಬಿಚ್ಚಿದ ಸ್ಕ್ರೂ ಒಂದೂ ಕಳೆಯದ ಹಾಗೆ ರೊಟ್ಟಿ ಡಬ್ಬಿಯಲ್ಲಿ ಹಾಕಿಡುತ್ತ ಕೂತೆ.

ಗಾಡಿ ಸ್ಟೇಷನ್ನಿನ ಮುಂದೆ ಬಂದಾಗ ಸ್ವಿಚ್ಚಿನಿಂದ ಕೈ ತೆಗೆದರು. ಟ್ರಕ್ಕು ನಿಂತಿತು. ಗಾಲಿಯ ಸಂದಿಯಲ್ಲಿ ಇನ್ನೂ ಒಂದಿಷ್ಟು ಹಸಿರು ಕ್ರೀಮು ಇತ್ತು.

“ಇಳಿಯಪ್ಪಾ, ಹುಕುಂ ಐತಿ,” ಎಂದು ಆ ಖಾಲಿ ಟ್ರಕ್ಕಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ನಾಳೆ ಓಣಿ ಹೆಣ್ಣಮಕ್ಕಳಿಗೆ ಬಾ ಅನ್ನು. ಹಲಗಿ ಹಿಡ್ಯಾಕ ನಾಕ ಮಂದಿ ಬೇಕು,” ಅಂದರು.

ಬೈಯಲು ಇನ್ನೂ ಎಷ್ಟೋ ಉಳಿದಿತ್ತು ನನ್ನ ಹತ್ತಿರ. ನೆಟ್ಟಗೆ ಒಂದು ದಿನ ಸಿಟ್ಟು ಮಾಡಲಿಕ್ಕೂ ಬಿಡುವುದಿಲ್ಲ ಈ ಮನುಷ್ಯ.