ಸತ್ತ ತುರ್ಕನಿಗೆ ವನ್ಸ್ ಮೋರ್

ತುರ್ಕರ ಮೇಲಿನ ಬಸ್ರಾದ ಲಡಾಯಿ ಮುಗಿಸಿ ಹವಾಲ್ದಾರನಾಗಿ ಬಂದ ನಮ್ಮ ಕಾಕಾ ಖಾನಾಪುರದ ಮನೆಯಲ್ಲಿ ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದ: ಅಲ್ಲಿನ ಖರ್ಜೂರ, ಅಲ್ಲಿನ ನೊಣ, ಹಡಗಿನಲ್ಲಿ ವಾಂತಿ ಮಾಡಿಕೊಂಡ ಸುಬೇದಾರ. ಗುಂಡು ಹೊಡೆದ ಮಾತು ಮಾತ್ರ ಬರುತ್ತಿರಲಿಲ್ಲ. ನನಗೋ ಅದೇ ಬೇಕು. ಬೆಳಗಾವಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಾನು ರಜೆಗೆ ಬಂದಾಗಲೆಲ್ಲ ಕೆದಕುತ್ತಿದ್ದೆ.

ಒಂದು ದಿನ ಅವನೇ, “ನಾಟಕಾ ಬರೀತಿ ಅಲ್ಲ, ಇದನ್ನ ಬರಿ,” ಎಂದು ಕತೆ ಹೇಳಿದ. ಕೈ ಎತ್ತಿ ಶರಣಾದ ತುರ್ಕ ಹುಡುಗನನ್ನು ಸಿಪಾಯಿಯೊಬ್ಬ ಹೊಡೆದು ಕೊಲ್ಲುತ್ತಾನೆ. ಊರಿಗೆ ಬಂದ ಮೇಲೆ ತಾಯಿಯ ಮುಂದೆ ಒಪ್ಪಿಕೊಳ್ಳುತ್ತಾನೆ.

“ಸಿಪಾಯಿ ಯಾರು ಕಾಕಾ?”

“ನಾನ ಆಗತೇನಿ.”

“ಅದಲ್ಲ, ಖರೇ ಸಿಪಾಯಿ ಯಾರು?”

“ಅವ್ವನ್ನ ಮುಂದ ಕುಂದರಸು,” ಎಂದ, ಅಷ್ಟೇ. ಬಾಯಿ ಬಿಟ್ಟು ಹೇಳಲಾರದ್ದನ್ನು ತಾನು ವೇಷ ಹಾಕಿ ತಾಯಿಗೆ ಹೇಳಲು ಹೊರಟಿದ್ದಾನೆಂದು ಆಗ ಹೊಳೆಯಿತು.

ನಾಟಕ ಬರೆದೆ. ಗ್ಯಾಸ್‌ಬತ್ತಿ ಸಿಗದ್ದರಿಂದ ಊರಲ್ಲಿ ಹಗಲಿನಲ್ಲೇ ಆಟ. ತುರ್ಕನ ವೇಷ ನನ್ನದು. ಟಿಳಕವಾಡಿಯ ಗೆಳೆಯನಿಂದ ತಂದ ಉದ್ದ ಅಂಗಿ, ಕೆಂಪು ಟೊಪ್ಪಿಗೆ. ಕಾಕಾ ಕಟ್ಟಿಗೆಯ ಬಂದೂಕು ಎತ್ತಿದ. ಪರದೆಯ ಹಿಂದೆ ಪಟಾಕಿ ಸಿಡಿಯಿತು, ನಾನು ಎದೆ ಹಿಡಿದು ಗಿರಗಿರ ತಿರುಗಿ ಬಿದ್ದೆ. ಜನ ಹುಚ್ಚೆದ್ದರು. “ವನ್ಸ್ ಮೋರ್! ವನ್ಸ್ ಮೋರ್!”

ಆಗಿನ ರೂಢಿಯೇ ಅದು. ಹಾಡು ಮೆಚ್ಚಿದರೆ ಮತ್ತೆ ಹಾಡಿಸುತ್ತಿದ್ದರು, ಸಾವು ಮೆಚ್ಚಿದರೆ ಮತ್ತೆ ಸಾಯಿಸುತ್ತಿದ್ದರು. ನಾನು ಹೆಮ್ಮೆಯಿಂದ ಎದ್ದು, ಟೊಪ್ಪಿಗೆ ಸರಿಮಾಡಿಕೊಂಡು, ಕೈ ಎತ್ತಿ ನಿಂತೆ.

ಕಾಕಾನ ಬಂದೂಕು ಏಳಲಿಲ್ಲ.

“ಹೊಡೀರಿ ಹವಾಲ್ದಾರ! ಮದ್ದು ತೀರೈತೇನ್ರಿ?” ಯಾರೋ ಕೂಗಿದರು. ನಗೆಯೋ ನಗೆ.

“ಇನ್ನೊಮ್ಮಿ ಆಗೂದಿಲ್ರಿ,” ಎಂದ ಕಾಕಾ. ಅದು ನಾನು ಬರೆದ ಮಾತಲ್ಲ.

ಹೆಂಗಸರ ಬಾಜುವಿನ ಮುಂದಿನ ಸಾಲಿನಿಂದ ಅವನ ಅವ್ವ, ನಮ್ಮ ಅಜ್ಜಿ, ಎದ್ದಳು. “ತಮ್ಮಾ, ಇದು ಆಟ ಹೌದಲ್ಲೋ?”

“ಅಲ್ಲವ್ವಾ.”

ಅಜ್ಜಿ ಮೇಲೆ ಬಂದು, ಬಂದೂಕನ್ನು ಅವನ ಕೈಯಿಂದ ಬಿಡಿಸಿ ನೆಲಕ್ಕಿಟ್ಟು, ರಟ್ಟೆ ಹಿಡಿದು ಮನೆಗೆ ನಡೆಸಿಕೊಂಡು ಹೋದಳು. ತಾಯಿಯ ಮುಂದೆ ಒಪ್ಪಿಕೊಳ್ಳುವ ಪ್ರವೇಶವನ್ನು ನಾನು ಬಲು ಚಂದ ಬರೆದಿದ್ದೆ. ಅದನ್ನು ಯಾರೂ ನೋಡಲಿಲ್ಲ. ನಾನು ವೇಷದಲ್ಲೇ ಓಡಿಹೋಗುವಷ್ಟರಲ್ಲಿ ಬಾಗಿಲಿಗೆ ಅಗಳಿ ಬಿದ್ದಿತ್ತು. ಕಿವಿಗೊಟ್ಟೆ. ಒಳಗೆ ಕಾಕಾನ ದನಿ, ನಡುನಡುವೆ ಅಜ್ಜಿಯದು. ಒಂದು ಮಾತೂ ಹಿಡಿತಕ್ಕೆ ಸಿಗಲಿಲ್ಲ.

ಹೊತ್ತು ಮುಳುಗುವಾಗ ಅಜ್ಜಿ ಬಾಗಿಲು ತೆರೆದಳು. “ಏನಂದ ಕಾಕಾ?” ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಮೊದಲ ಆ ಅಂಗಿ ಬಿಚ್ಚು,” ಎಂದಳು. “ಅಂವ ಹೊರಗ ಬರಬೇಕೈತಿ.”