ಹುಸೇನಪೀರ ಒರೆಸಿದ ನಕ್ಷತ್ರಗಳು

ಕರಜಗಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟ ಹುಸೇನಪೀರನ ಕೈಯಲ್ಲಿ ಚಂದ ಕಾಣದ ಮದುಮಗಳೇ ಇಲ್ಲ. ಮೊಡವೆ, ಮಚ್ಚೆ, ಸುಟ್ಟ ಕಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿ ಬೆಳ್ಳಗೆ ಮಾಡಿಬಿಡುತ್ತಾನೆ. ಗಂಡನ ಮನೆಯವರು ಆಲ್ಬಮ್ ಹಿಡಿದು "ಈಕಿ ಯಾರ್ರಿ?" ಎಂದು ಕೇಳಿದ್ದೂ ಉಂಟು. "ನಂದು ಫೋಟೋದ ಕಸುಬಲ್ಲ, ಸುಣ್ಣ ಬಳಿಯೋ ಕಸುಬು" ಎಂದು ತನ್ನನ್ನು ತಾನೇ ಆಡಿಕೊಂಡು ನಗುತ್ತಿದ್ದ. ಆದರೂ ಒಂದೇ ಒಂದು ಫೋಟೋ ಇದ್ದದ್ದು ಇದ್ದಂತೆ ಬಂದು, ಅದರ ಕೆಳಗೆ ತನ್ನ ಹೆಸರು ಇರಬೇಕೆಂಬ ಆಸೆ ಹೊಟ್ಟೆಯಲ್ಲಿತ್ತು.

ಹೈಸ್ಕೂಲಿನ ವಿಜ್ಞಾನದ ಟೀಚರ್ ನಾಗರತ್ನಾ ಶಾಲೆಯ ದುರ್ಬೀನಿಗೆ ಕ್ಯಾಮೆರಾ ಜೋಡಿಸಲು ಕರೆದಾಗ ಅವನು ಹಿಗ್ಗಿಹೋದ. ಕತ್ತಲಾಗುತ್ತಲೇ ಮಾಳಿಗೆ ಹತ್ತಿ, ಹೊಸ ನಕ್ಷತ್ರಗಳು ಹುಟ್ಟುವ ನೀಹಾರಿಕೆಯೊಂದಕ್ಕೆ ಗುರಿ ಹಿಡಿದ.

"ಇಷ್ಟು ಸುಮ್ಮ ಕುಂತ ಗಿರಾಕಿ ಯಾವ ಲಗ್ನದಾಗೂ ನೋಡಿಲ್ರಿ."

"ಎಲ್ಲಿ ಸುಮ್ಮ ಕುಂತದ್ರಿ? ಭೂಮಿ ತಿರುಗಿದಂಗ ಅದೂ ಸರಿಯಾಕತ್ತದ ನೋಡ್ರಿ!" ಎಂದರು ಟೀಚರ್.

ಅದರ ಬೆನ್ನು ಹತ್ತಿ ಹತ್ತಿ ಅಂತೂ ಚಿತ್ರ ಸಿಕ್ಕಿತು. ವಿಜ್ಞಾನ ದಿನದಂದು ಶಾಲೆಯ ಗೋಡೆಗೆ ತನ್ನ ಫೋಟೋ ಎಂದು ಊರೆಲ್ಲ ಸಾರಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದುಕೊಟ್ಟ. ಟೀಚರ್ ಕಣ್ಣು ಕಿರಿದು ಮಾಡಿ ನೋಡಿದರು.

"ನಟ್ಟನಡುವಿನ ನಾಕು ಚುಕ್ಕಿ ಎಲ್ಲಿ ಹೋದುವ್ರಿ?"

"ಮೊಡವಿ ಇದ್ದಂಗ ಕಂಡುವ್ರಿ. ಕೈ ತಡೀಲಿಲ್ಲ, ಒರಸಿಬಿಟ್ಟೆ."

"ಅವೇ ಹೊಸದಾಗಿ ಹುಟ್ಟಿದ ಚುಕ್ಕಿರೀ! ಕೂಸು ಒರಸಿ ಬರೇ ತೊಟ್ಟಲ ತಂದೀರಲ್ಲ!"

ಹುಸೇನಪೀರನ ಮಾನ ಮೂರಾಬಟ್ಟೆಯಾಯಿತು. ಅವನ ಮುಖ ನೋಡಿ ಟೀಚರಿಗೆ ಅಯ್ಯೋ ಅನಿಸಿತು. "ಇರ್ಲಿ ಬಿಡ್ರಿ, ಇದನ್ನೇ ಹಾಕೋಣ. ಯಾರಿಗಿ ತಿಳೀತದ?" ಅಂದರು. ಗಿರಾಕಿಗಳಿಗೆ ಅವನು ದಿನವೂ ಹೇಳುವ ಮಾತೇ ಅದು. ಇವತ್ತು ತನಗೇ ಬಂದಾಗ ಚುರ್ ಎಂದಿತು. ಪ್ರಿಂಟನ್ನು ಸುತ್ತಿ ಕಂಕುಳಿಗೆ ಸೇರಿಸಿ ಸ್ಟುಡಿಯೋಗೆ ಹೋದವನು, ಒರೆಸದ ಚಿತ್ರವನ್ನೇ ಮತ್ತೆ ಹಾಕಿಸಿ ತಂದ. ಅದು ತುಸು ಅಲುಗಾಡಿತ್ತು, ಮೈತುಂಬ ರವೆ ಉದುರಿದಂತಿತ್ತು.

ವಿಜ್ಞಾನ ದಿನ ಕಬ್ಬಿನ ಹೊಲದ ಚಂದಪ್ಪ ಗೋಡೆಯ ಮುಂದೆ ನಿಂತು ಮುಖ ಕಿವುಚಿದ. "ಬರೇ ಚುಕ್ಕಿ ಚುಕ್ಕಿ ಆಗ್ಯಾದಲ್ಲೋ ಹುಸೇನಪ್ಪ. ಒಂದಿಷ್ಟು ಸಾಫ್ ಮಾಡಿ ತರಬಾರದಿತ್ತಾ?"

"ಅವು ಮೊಡವಿ ಕಲಿ ಅಲ್ಲೋ ಕಾಕಾ. ಅವು ಇದ್ದದ್ದಕ್ಕೇ ಅದು ಚಂದ."

ಪಕ್ಕದಲ್ಲೇ ಇದ್ದ ಅವನ ಹೆಂಡತಿ ಗೌಸಿಯಾಬೇಗಂ ತನ್ನ ಗದ್ದ ಮುಟ್ಟಿಕೊಂಡಳು. "ಹಂಗಾದ್ರ ನಮ್ಮ ಲಗ್ನದ ಫೋಟೋದಾಗ ನನ್ನ ಮಚ್ಚಿ ಯಾಕ ಒರಸಿದ್ರಿ?"

ಹುಸೇನಪೀರ ಅವಳ ಗದ್ದವನ್ನೇ ನೋಡಿದ. ಆ ಮಚ್ಚೆ ನೋಡಿಯೇ ಅವಳನ್ನು ಒಪ್ಪಿದ್ದ. ಅದನ್ನು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ.