ಮುನ್ನಿ ಬೀ ಸಾಕಿದ ದೆವ್ವ

2008ರ ಚಳಿಗಾಲದಲ್ಲಿ ಹೈದರಾಬಾದಿನ ಇಬ್ಬರು ಹುಮನಾಬಾದಿನ ನನ್ನ ಸೈಕಲ್ ರಿಪೇರಿ ಅಂಗಡಿಯ ಮುಂದೆ ಬಂದು ನಿಂತರು. ತಲೆಗೆ ಹೆಲ್ಮೆಟ್ಟು, ಮೈಗಂಟಿದ ಚಡ್ಡಿ, ಬೆನ್ನಿಗೆ ನೀರಿನ ಚೀಲ. ಸೈಕಲ್ಲಿಗೆ ಅದೆಷ್ಟು ಗೇರೋ ದೇವರೇ ಬಲ್ಲ, ಪಂಕ್ಚರ್ ಮಾತ್ರ ನಮ್ಮ ಸೈಕಲ್ಲಿನಂತೆಯೇ ಆಗಿತ್ತು. ಹೈವೇ ಬೇಡ, ಲಾರಿ ಬೇಡ, ಬಸವಕಲ್ಯಾಣಕ್ಕೆ ಸದ್ದಿಲ್ಲದ ದಾರಿ ಇದೆಯೇ ಎಂದು ಕೇಳಿದರು. ಇದೆ ಎಂದೆ. ಊರ ಹೊರಗೆ ಕಾಲುವೆ ಏರಿ ಹಿಡಿಯಿರಿ; ಒಂದು ಕಡೆ ನೀರು, ಒಂದು ಕಡೆ ಕಬ್ಬು. ಬೇವಿನ ಮರ ದಾಟಿ ಮುಂದೆ ಹೋದರೆ ಹೊಳೆ. ಹೊಳೆ ದಂಡೆಗುಂಟ ತುಳಿಯುತ್ತ ಹೋಗಿ, ಕಲ್ಯಾಣ ತಾನೇ ಬರುತ್ತದೆ.

ಮರುದಿನ ತಿರುಗಿ ಬಂದಾಗ ಇಬ್ಬರಿಗೂ ಬೆರಗು. ಏರಿಯ ಮೇಲೆ ಒಂದೂ ಮೋಟಾರು ಎದುರಾಗಲಿಲ್ಲವಂತೆ. ಇಷ್ಟು ಚಂದದ ವ್ಯವಸ್ಥೆ ಯಾವ ಡಿಪಾರ್ಟ್‌ಮೆಂಟಿನವರು ಮಾಡಿದ್ದು ಎಂದು ಕೇಳಿದರು.

“ಮುನ್ನಿ ಬೀ ಡಿಪಾರ್ಟ್‌ಮೆಂಟ್ ರೀ,” ಎಂದೆ.

ಅವರಿಗೆ ತಿಳಿಯಲಿಲ್ಲ. ನಿಮಗೆ ಹೇಳುತ್ತೇನೆ. ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ಮುನ್ನಿ ಬೀ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ, ನಿಜ. ಆದರೆ ಅದೇ ಆಣೆಯನ್ನು ಆಕೆ ಅರ್ಧ ತಾಲೂಕಿನ ಹೆಂಗಸರಿಂದಲೂ ಮಾಡಿಸಿಕೊಂಡಿದ್ದಾಳೆ. ಇದು ಗೊತ್ತಾಗಬಾರದ ಮನುಷ್ಯ ಒಬ್ಬನೇ, ಬಸವಣಪ್ಪ ಸಾವಕಾರ. ಆತ ಪುಸ್ತಕ ಓದುವ ಪೈಕಿ ಅಲ್ಲ.

ಮುನ್ನಿ ಬೀ ಬಳೆ ಮಾರುವವಳು. ಮೊದಲು ಅವಳ ಗಂಡ ಇಸ್ಮಾಯಿಲ ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದ. 1994ರಲ್ಲಿ ಅವನಿಗೆ ದಮ್ಮು ಹತ್ತಿತು. ಅಂದಿನಿಂದ ಮಂಚದ ಮೇಲೆ ಕೂತು ಬುದ್ಧಿ ಹೇಳುವುದು ಅವನ ಕೆಲಸ, ಬಳೆ ಮಾರುವುದು ಇವಳ ಕೆಲಸ. ನಲವತ್ತರ ಹೆಂಗಸು, ಸೈಕಲ್ ಮುಟ್ಟಿದವಳಲ್ಲ. ಕಾಲುವೆಗೆ ನೀರು ಬಿಡದ ಬೇಸಿಗೆಯಲ್ಲಿ ಒಣಗಿದ ಕಾಲುವೆಯ ಒಳಗೇ ಇಳಿದು ಕಲಿತಳು. ಎಡಕ್ಕೆ ಬಿದ್ದರೂ ಇಳಿಜಾರು, ಬಲಕ್ಕೆ ಬಿದ್ದರೂ ಇಳಿಜಾರು, ಮೇಲೆ ಹೋಗುವವರಿಗೆ ಕಾಣುವುದೂ ಇಲ್ಲ. ನಾನೇ ಸೀಟು ಇಳಿಸಿಕೊಟ್ಟೆ. ಜನ ಆಡಿಕೊಂಡರು. ಆಡಿಕೊಳ್ಳುವವರಿಗೆ ಬೇರೆ ಕೆಲಸವೇನಿದೆ? ಆಕೆ ಬೆಲ್ ಹೊಡೆದು ಮುಂದೆ ಹೋದಳು.

ಗಾಜಿನ ಬಳೆ ಹೊತ್ತವಳಿಗೆ ದಾರಿಯೇ ಬಂಡವಾಳ. ಹೈವೇ ಮೇಲೆ ಒಂದು ಸಲ ಲಾರಿಯವನೊಬ್ಬ ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆದು ಇವಳನ್ನು ಬದಿಗೆ ತಳ್ಳಿದ. ಪೆಟ್ಟಿಗೆ ತಗ್ಗಿಗೆ ಬಿತ್ತು, ಬಳೆಗಳೆಲ್ಲ ಚೂರು. ಅವತ್ತಿನಿಂದ ಆಕೆ ಕಾಲುವೆ ಏರಿ ಬಿಟ್ಟು ಇಳಿಯಲಿಲ್ಲ. ಏರಿಯ ಮಣ್ಣು ಸಾರಿಸಿದ ನೆಲದಂತೆ ನುಣುಪಾಗಿತ್ತು. ಕಲ್ಯಾಣದ ಸಗಟು ಅಂಗಡಿಯಲ್ಲಿ ತುಂಬಿಕೊಂಡ ಬಳೆ ಒಂದೂ ಬಿರುಕು ಬಿಡದೆ ಮನೆ ಸೇರುತ್ತಿತ್ತು. ಎರಡು ವರ್ಷ ಸುಖವಾಗಿದ್ದಳು. ಆಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಬಂದವು. ಒಂದೊಂದಕ್ಕೂ ಜೋಡಿ ಟ್ರಾಲಿ. ಎರೆಮಣ್ಣಿನ ಏರಿಯಲ್ಲಿ ಮೊಣಕಾಲುದ್ದ ಗಾಲಿ ತಗ್ಗು ಬಿದ್ದು, ಒಣಗಿ ಕಲ್ಲಾಯಿತು. ಪೆಟ್ಟಿಗೆಯೊಳಗೆ ಬಳೆ ಒಡೆಯುವ ಸದ್ದು ಕೇಳಿದಾಗಲೆಲ್ಲ ಆಕೆ ಟ್ರ್ಯಾಕ್ಟರ್ ಕಂಡುಹಿಡಿದವನ ಮನೆತನವನ್ನೇ ಬೈಯುತ್ತಿದ್ದಳು. ಬೈಗುಳಕ್ಕೆ ಟ್ರ್ಯಾಕ್ಟರ್ ಹೆದರುತ್ತದೆಯೇ? ಹೆದರುವುದು ಡ್ರೈವರು.

ಕಾಲುವೆ ಬದಿಯ ಹಳ್ಳಿಯಲ್ಲಿ ಬಸವಣಪ್ಪ ಸಾವಕಾರನದು ದೊಡ್ಡ ಮನೆ. ಆತನ ಹೆಂಡತಿ ಶಕುಂತಲಾಬಾಯಿಗೆ ಬಳೆ ಇಡಿಸುವಾಗ ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ಕೂಡುತ್ತಾರೆ, ಡ್ರೈವರುಗಳ ಹೆಂಡಂದಿರೂ ಅವರಲ್ಲೇ. ಅಂಥ ಒಂದು ಮಧ್ಯಾಹ್ನ ಮುನ್ನಿ ಬೀ ಶಕುಂತಲಾಬಾಯಿಯ ಕೈ ಹಿಡಿದು, ತುಸು ಹಿಸುಕಿ, ನಿಟ್ಟುಸಿರು ಬಿಟ್ಟಳು.

“ಆ ಬೇವಿನ ಗಿಡದ ಹತ್ರ... ಬ್ಯಾಡ ಬಿಡ್ರಿ ಅಕ್ಕಾ.”

“ಯಾಕ, ಏನದ ಅಲ್ಲಿ?”

“ಏನೂ ಇಲ್ರಿ. ನನ್ನ ಬಾಯಿ ಸುಮ್ನ ಇರಲ್ಲ. ಕೈ ಸಡ್ಲ ಬಿಡ್ರಿ.”

ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹೇಳುವುದಿಲ್ಲ ಎಂದಳು ನೋಡಿ, ಎಲ್ಲರೂ ಮುತ್ತಿಕೊಂಡರು. ಒತ್ತಾಯಕ್ಕೆ ಮಣಿದವಳಂತೆ ಕೊನೆಗೆ ಬಿಚ್ಚಿದಳು. ಕಾಲುವೆ ತೋಡುವಾಗ ಮೇಸ್ತ್ರಿಯೊಬ್ಬ ಅಲ್ಲೇ ಜೀಪಿನ ಗಾಲಿಗೆ ಸಿಕ್ಕು ಸತ್ತನಂತೆ. ಈಗ ಗಿಡದಲ್ಲಿ ಕೂತಿದ್ದಾನಂತೆ.

“ಸೈಕಲ್ ಮ್ಯಾಲ ಹೋಗವ್ರಿಗಿ, ನಡಕೊಂಡ ಹೋಗವ್ರಿಗಿ ಏನೂ ಮಾಡಲ್ರಿ, ಪಾಪ. ಇಂಜಿನ್ ಸಪ್ಪಳ ಕೇಳಿದ್ರ ಮಾತ್ರ ಅವಂಗ ತಡೀಲಾಕ ಆಗಲ್ಲ.”

ಸಂಜೆಯೊಳಗೆ ಸುದ್ದಿ ಆಕೆಗಿಂತ ಮೊದಲೇ ಮುಂದಿನ ಹಳ್ಳಿ ಮುಟ್ಟಿತ್ತು. ಅದೇ ವಾರ ಒಬ್ಬ ಡ್ರೈವರ್ ಬೇವಿನ ಮರದ ಹತ್ತಿರ ಟ್ರಾಲಿಯನ್ನು ಕಾಲುವೆಗೆ ಇಳಿಸಿದ. ಕುಡಿದಿದ್ದ. ಆದರೆ ಹೆಸರು ಬಂದದ್ದು ಮೇಸ್ತ್ರಿಗೆ. ಆಮೇಲೆ ಟ್ರ್ಯಾಕ್ಟರುಗಳು ಹೈವೇ ಸುತ್ತಿ ಹೋಗತೊಡಗಿದವು. ಹಾಲಿನವರು ಲೂನಾದ ಇಂಜಿನ್ ಬಂದ್ ಮಾಡಿ, ಪೆಡಲ್ ತುಳಿದು, ಬೆವರು ಸುರಿಸುತ್ತ ಮರ ದಾಟುತ್ತಿದ್ದರು. ಮಳೆ ಬಿದ್ದು ತಗ್ಗುಗಳು ತುಂಬಿದವು, ಏರಿ ಮತ್ತೆ ನುಣುಪಾಯಿತು. ಲಾರಿಗೆ ಹೆದರಿ ಸೈಕಲ್ ಮೂಲೆಗೆ ಹಾಕಿದ್ದ ಮಾಸ್ತರರು, ಶಾಲೆಯ ಹುಡುಗಿಯರು, ತರಕಾರಿಯವರು ಎಲ್ಲರೂ ಏರಿ ಹಿಡಿದರು. ನನ್ನ ಅಂಗಡಿಗೂ ಜೀವ ಬಂತು. ನಾನೂ ಬೇವಿನ ಮರ ಬಂದಾಗ ಬೆಲ್ ಹೊಡೆಯದೆ ದಾಟುತ್ತಿದ್ದೆ. ನಗಬೇಡಿ, ನೀವಿದ್ದರೂ ಹಾಗೆಯೇ ಮಾಡುತ್ತಿದ್ದಿರಿ.

2001ರ ಕಬ್ಬಿನ ಹಂಗಾಮಿನಲ್ಲಿ ಬಸವಣಪ್ಪ ಸಾವಕಾರನಿಗೆ ತಲೆ ಕೆಟ್ಟಿತು. ಹೈವೇ ಸುತ್ತಿ ಸುತ್ತಿ ಕಬ್ಬು ಒಣಗುತ್ತಿದೆ ಎಂದು ಚಹಾದಂಗಡಿಯಲ್ಲಿ ಮೇಜು ಗುದ್ದಿ ಹೇಳಿದ. “ನಾಳಿ ನಾನೇ ಟ್ರ್ಯಾಕ್ಟರ್ ಹೊಡೀತೇನಿ. ಗಿಡದ ಬುಡಕ್ಕ ನಿಂತು ಹಾರ್ನ್ ಹೊಡೀತೇನಿ. ಅದ್ಯಾವ ಮೇಸ್ತ್ರಿ ಬರ್ತಾನ ಬರ್ಲಿ! ಆಮ್ಯಾಲ ಏರಿಗಿ ಮುರುಮ್ ಹಾಕಿ ಗಟ್ಟಿ ರಸ್ತಾ ಮಾಡಸ್ತೇನಿ, ಎಲ್ಲಾ ಗಾಡಿ ಇಲ್ಲಿಂದೇ.”

ಮುನ್ನಿ ಬೀ ಬಿಳಿಚಿಕೊಂಡ ಮುಖದಲ್ಲಿ ನನ್ನ ಅಂಗಡಿಗೆ ಬಂದಳು. “ಏರಿ ಹೋದ್ರ ನನ್ನ ಹೊಟ್ಟಿ ಹೋತು, ಮಚ್ಚೇಂದ್ರ ಭೈಯಾ. ಹೈವೇ ಮ್ಯಾಲ ನಾ ಇನ್ನೊಮ್ಮಿ ಹೋಗಲ್ಲ.”

ಮರುದಿನ ಅಂಗಡಿ ಮುಚ್ಚಿ ನಾನೂ ಹೋದೆ. ಏರಿಯ ಕೆಳಗೆ ಜನವೋ ಜನ. ಸಾವಕಾರ ಬಿಳಿ ರುಮಾಲು ಸುತ್ತಿ, ಮೀಸೆ ತೀಡಿಕೊಂಡು, ಖಾಲಿ ಟ್ರಾಲಿ ದಡಬಡಿಸುತ್ತ ಬಂದ. ಬೇವಿನ ಮರದ ಬುಡದಲ್ಲಿ ನಿಂತು ಹಾರ್ನ್ ಹೊಡೆದ. ಏನೂ ಆಗಲಿಲ್ಲ. ಮತ್ತೊಮ್ಮೆ ಹೊಡೆದು ನಮ್ಮ ಕಡೆ ನೋಡಿ ನಕ್ಕ. ಮುನ್ನಿ ಬೀ ಸೆರಗು ಬಾಯಿಗೆ ತುರುಕಿಕೊಂಡಳು. ಗೇರು ಹಾಕಿ ಮರ ದಾಟಿದನೋ ಇಲ್ಲವೋ, ಟ್ರ್ಯಾಕ್ಟರ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ, ಸತ್ತಿತು.

ಅಯ್ಯಯ್ಯೋ, ಜನ ಓಡಿದ್ದೇನು! ಸಾವಕಾರ ಕೀಲಿ ತಿರುವಿದ, ಬೈದ, ಬೇಡಿಕೊಂಡ. ಡ್ರೈವರ್ ಹೆದರುತ್ತ ಬಂದು ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿದ. ಕಡ್ಡಿ ಒಣಗಿದ್ದು ಒಣಗಿದಂತೆ ಮೇಲೆ ಬಂತು. “ನಿನ್ನಿ ಸಂಜಿಗೇ ತುಂಬಿಸಿದ್ನಲ್ರಿ ಸಾವಕಾರ್ರ! ಅಂವ ಡೀಜಲ್ ಕುಡದಾನ್ರಿ!” ಸಾವಕಾರ ಚಪ್ಪಲಿ ಬಿಟ್ಟು, ಬೇವಿನ ಮರಕ್ಕೆ ಕೈಮುಗಿದು, ನಡೆದುಕೊಂಡು ಮನೆಗೆ ಹೋದ.

ಗೆದ್ದಳಲ್ಲ ಎಂದುಕೊಂಡೆ. ಆದರೆ ಮುನ್ನಿ ಬೀ ಬಂದು ಸೈಕಲ್ಲನ್ನು ನನ್ನ ಅಂಗಡಿಯ ಗೋಡೆಗೆ ಒರಗಿಸಿದಳು.

“ಇದನ್ನ ಯಾರಿಗರೆ ಮಾರಿಬಿಡು ಭೈಯಾ. ನಾ ಇನ್ನ ಆ ಕಡಿ ಕಾಲಿಡಲ್ಲ. ತೋಬಾ ತೋಬಾ!”

ಆಗಲೇ ಆಕೆ ಎಲ್ಲ ಕಕ್ಕಿದ್ದು. ನನಗೆ ಮೈಯೆಲ್ಲ ಉರಿಯಿತು. ನಾಲ್ಕೈದು ವರ್ಷ ನನ್ನನ್ನೂ ಹೆದರಿಸಿದ್ದಳಲ್ಲ! “ನೀನೇ ಹುಟ್ಟಸಿದ ದೆವ್ವ ನಿನಗೇನ ಮಾಡ್ತದ?” ಎಂದು ಬೈದೆ.

“ನಾ ಹುಟ್ಟಸಿದ್ದು ಡೀಜಲ್ ಕುಡೀತಿರಲಿಲ್ಲ!” ಎಂದು ಅತ್ತೇಬಿಟ್ಟಳು. “ಖುದಾ ಕಸಮ್, ನಾ ಎಲ್ಲೂ ಹಂಗ ಹೇಳಿಲ್ಲ. ಇದು ಖರೇನೇ ಅದ.”

ಅಷ್ಟರಲ್ಲಿ ಹಾಲಿನವನು ಸುದ್ದಿ ತಂದ. ಶಕುಂತಲಾಬಾಯಿಯ ಬಲಗೈ ಬಳೆಗಳು ಒಡೆದಿವೆ, ಮುತ್ತೈದೆ ಬರಿಗೈಯಲ್ಲಿ ಕೂಡಬಾರದು, ಈಗಲೇ ಬರಬೇಕಂತೆ. ಅಂಥ ಕರೆಗೆ ಬಳೆಗಾರ್ತಿ ಒಲ್ಲೆ ಎನ್ನುವಂತಿಲ್ಲ. ಏರಿ ಬಿಟ್ಟು, ಹೊಲದ ಬದುವಿನಲ್ಲಿ ಎಡವುತ್ತ, ಪೆಟ್ಟಿಗೆ ತಲೆಯ ಮೇಲೆ ಹೊತ್ತು ನಡೆದಳು.

ಮುಂದಿನದು ಆಕೆಯೇ ಹೇಳಿದ್ದು. ಶಕುಂತಲಾಬಾಯಿ ಅಂಗಳದಲ್ಲಿ ಕೂಡಲಿಲ್ಲ, ಒಳಮನೆಗೆ ಕರೆದು ಬಾಗಿಲು ಮುಚ್ಚಿದಳು. ಮುನ್ನಿ ಬೀ ಕೈ ಹಿಡಿದಳು. ಗೆಣ್ಣಿನ ಮೇಲೆ ತರಚಿದ ಗಾಯ. ಉಗುರಿನ ಸಂದಿಯಲ್ಲಿ ಕರಿ ಜಿಡ್ಡು. ಸಾಬೂನಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ. ಮುನ್ನಿ ಬೀ ಕೈಯನ್ನು ಮೂಗಿಗೆ ಹಿಡಿದು ತಲೆ ಎತ್ತಿದಳು.

“ಅಕ್ಕಾ... ಡೀಜಲ್?”

“ಸಾವಕಾಶ ಮಾತಾಡು. ನಸಕಿನ್ಯಾಗ ಎಮ್ಮಿ ಹಿಂಡಾಕ ಎದ್ದಾಗ ಟ್ಯಾಂಕಿನ ತಳದ ನಟ್ ಬಿಚ್ಚಿ, ತುಸು ಉಳಿಸಿ ಎಲ್ಲಾ ಹರಿಬಿಟ್ಟೆ. ಪಾನಾ ಜಾರಿ ಬಳಿ ಒಡದವು. ಗಿಡದ ಬುಡಕ್ಕೇ ನಿಲ್ಬೇಕಿತ್ತು, ನನ್ನ ಅಂದಾಜು ಜರಾ ತಪ್ತು.”

“ಯಾಕ್ರಿ ಅಕ್ಕಾ?”

ಶಕುಂತಲಾಬಾಯಿಯ ಕಣ್ಣು ತುಂಬಿ ಬಂದವು. ಏರಿಗುಂಟ ಹೋದರೆ ಅವಳ ತವರೂರು. ಗಂಡನಿಗೂ ಅವಳ ಅಣ್ಣಂದಿರಿಗೂ ಹೊಲದ ಜಗಳ. ಹೋಗಕೂಡದು ಎಂದು ಸಾವಕಾರನ ಅಪ್ಪಣೆ. “ಇವ್ರು ಬಜಾರಕ್ಕ ಹೋದ ದಿನ ನಮ್ಮ ಮಗಳು ದೀಪಾಲಿ ಸೈಕಲ್ ತಗೊಂಡು ಹೋಗ್ತೇನಿ. ಅವ್ವನ ಕೈಲಿಂದ ಒಂದ್ ಕಪ್ ಚಹಾ ಕುಡದು, ಇವ್ರು ಬರೂದ್ರಾಗ ಬರ್ತೇನಿ. ಆ ದಾರಿ ಮ್ಯಾಲ ಟ್ರ್ಯಾಕ್ಟರ್ ಬಂದ್ರ ಇವ್ರ ಡ್ರೈವರ್ ನೋಡ್ತಾನ. ನೋಡಿದ್ರ ಮುಗೀತು. ನಮ್ಮವ್ವಂದು ವಯಸ್ಸಾಗ್ಯಾದ, ಮುನ್ನಿ. ನೀ ಒಬ್ಬಾಕೀದೇ ದಾರಿ ಅಂತ ತಿಳಕೊಂಡಿದ್ದೇನು?”

“ಮತ್ತ ದೆವ್ವ ಸುಳ್ಳು ಅಂತ ನಿಮಗ...?”

“ಮೊದಲ್ನೇ ದಿನಾನೇ. ಹೇಳೂ ಮುಂದ ನನ್ನ ಕೈ ಹಿಡಕೊಂಡಿದ್ದಿ. ಮಾರಿ ಅಳಾಕತ್ತಿತ್ತು, ಕೈ ನಗಾಕತ್ತಿತ್ತು.”

ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು ನಕ್ಕು ಸುಸ್ತಾದರು. ಮುನ್ನಿ ಬೀ ಹಸಿರು ಬಳೆ ತುಂಬ ಇಟ್ಟು, ಕಾಸು ತೆಗೆದುಕೊಳ್ಳದೆ ಎದ್ದು ಬಂದಳು. ಸಂಜೆ ನನ್ನ ಅಂಗಡಿಯಿಂದ ಸೈಕಲ್ ಕಿತ್ತುಕೊಂಡು, “ಮಾರಿಲ್ಲ ಹೌದಿಲ್ಲೋ?” ಎಂದು ನನ್ನನ್ನೇ ಗದರಿದಳು.

ಅಂದಿನಿಂದ ಏರಿಗೆ ಸಾವಕಾರನೇ ಕಾವಲುಗಾರ. ಬೇರೆಯವರ ಟ್ರ್ಯಾಕ್ಟರ್ ಆ ಕಡೆ ಮುಖ ಮಾಡಿದರೆ ಬಡಿಗೆ ಹಿಡಿದು ಅಡ್ಡ ನಿಲ್ಲುತ್ತಾನೆ. ಹೊಲಕ್ಕೆ ತಾನೂ ಸೈಕಲ್ ಮೇಲೆಯೇ ಹೋಗುತ್ತಾನೆ. ಪ್ರತಿ ಅಮಾವಾಸ್ಯೆ ಒಂದು ಕ್ಯಾನು ಡೀಜಲ್ ಬೇವಿನ ಮರದ ಬುಡದಲ್ಲಿಟ್ಟು ಕೈಮುಗಿದು ಬಜಾರಕ್ಕೆ ಹೊರಡುತ್ತಾನೆ. ಸಂಜೆಗೆ ನೋಡಿದರೆ ಕ್ಯಾನು ಖಾಲಿ. ತವರಿನಿಂದ ಬರುವಾಗ ಶಕುಂತಲಾಬಾಯಿ ಅದನ್ನು ಬೇರೊಂದು ಕ್ಯಾನಿಗೆ ಬಗ್ಗಿಸಿಕೊಂಡು, ಸೈಕಲ್ಲಿಗೆ ನೇತುಹಾಕಿ ತಂದು, ಮನೆಯ ಟ್ರ್ಯಾಕ್ಟರಿಗೇ ಸುರಿಯುತ್ತಾಳೆ.

ಮೊನ್ನೆ ಸಾವಕಾರ ಗಾಳಿ ಹಾಕಿಸಲು ನನ್ನ ಅಂಗಡಿಗೆ ಬಂದಿದ್ದ. ದನಿ ತಗ್ಗಿಸಿ, “ಮಚ್ಚೇಂದ್ರ, ಮೇಸ್ತ್ರಿ ಭಾಳ ಒಳ್ಳೆವ ನೋಡು,” ಎಂದ. “ಅವಂಗ ಕೊಡಾಕ ಸುರು ಮಾಡಿದ ಮ್ಯಾಲ ನನ್ನ ಟ್ರ್ಯಾಕ್ಟರ್ ಡೀಜಲ್ ಕುಡಿಯೂದೇ ಕಡಿಮಿ ಮಾಡ್ಯಾದ.”

“ಹೌದ್ರಿ ಸಾವಕಾರ್ರ,” ಎಂದು ನಾನು ಪಂಕ್ಚರ್ ನೋಡುವ ನೀರಿನ ಬೋಗುಣಿಗೆ ಮುಖ ಬಗ್ಗಿಸಿದೆ.